ನಾಲ್ಕು ದಾನಗಳ ನಾಡಿನಲ್ಲಿ ಕ್ರೈಸ್ತ ಸಭೆ

ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯಲು ಕೂತವರು ಮೊದಲು ಹುಡುಕುವುದು ಅಡಿಗಲ್ಲನ್ನು. ಯಾರು ಇಟ್ಟರು, ಯಾವ ಇಸವಿ, ಯಾವ ಬಿಷಪರು ಬಂದು ಆಶೀರ್ವದಿಸಿದರು ಎಂಬಿಷ್ಟು ಸಿಕ್ಕರೆ ಲೇಖನ ಅರ್ಧ ಮುಗಿದಂತೆ. ಹಾಸನ ಸೀಮೆಯಲ್ಲಿ ಈ ದಾರಿ ಹಿಡಿದು ಹೊರಟವರ ಕಾಲು ನೀರಿಗೆ ಬೀಳುತ್ತದೆ. ಇಲ್ಲಿನ ಅತ್ಯಂತ ಹೆಸರಾದ ಇಗರ್ಜಿಯ ಪಾಯ ಹೇಮಾವತಿ ಜಲಾಶಯದ ಹೂಳಿನಲ್ಲಿದೆ. ಬೇಸಿಗೆಯಲ್ಲಿ ಅದರ ಬುಡದವರೆಗೆ ನಡೆದು ಹೋಗಬಹುದು. ಜಲಾಶಯ ತುಂಬಿದಾಗ ದಡದಲ್ಲಿ ನಿಂತು ನೋಡಬೇಕು.

ಹಾಗಾಗಿ ಬೇರೆ ದಾರಿ ಹಿಡಿಯೋಣ. ಚರಿತ್ರೆ ಬರೆಯುವುದಕ್ಕೆ ಈ ಸೀಮೆಯಲ್ಲಿ ಹಳೆಯದೊಂದು ಪದ್ಧತಿ ಇದೆ. ಅದು ಶಾಸನ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ, ಹಳೇಬೀಡಿನ ಪಾರ್ಶ್ವನಾಥ ಬಸದಿ 1133ರಲ್ಲಿ, ಅರಸೀಕೆರೆಯ ಶಿವಾಲಯ 1220ರಲ್ಲಿ ಎಂದು ನಾವು ಲೆಕ್ಕ ಹೇಳುವುದು ಕಲ್ಲಿನ ಬರಹಗಳ ಆಧಾರದಿಂದ. ಆದರೆ ಶಾಸನ ಓದಿದವರಿಗೆ ಗೊತ್ತು, ಅದರಲ್ಲಿ ಕಟ್ಟಡಕ್ಕೆ ಸಿಗುವುದು ಕೆಲವೇ ಸಾಲು. ಹೆಚ್ಚು ಜಾಗ ಹಿಡಿಯುವುದು ದತ್ತಿ: ಯಾವ ಕೆರೆಯ ಕೆಳಗಿನ ಗದ್ದೆ, ಎಷ್ಟು ಕೊಳಗ ಬಿತ್ತನೆಯ ನೆಲ, ಯಾವ ಗಾಣದ ಎಣ್ಣೆ, ಅದು ದೀಪಕ್ಕೋ ಊಟಕ್ಕೋ ಓದಿಸುವುದಕ್ಕೋ. ಗುಡಿ ಎಷ್ಟು ಎತ್ತರ ಎನ್ನುವುದಕ್ಕಿಂತ ಗುಡಿಯಿಂದ ಯಾರಿಗೆ ಏನು ಸಲ್ಲಬೇಕು ಎನ್ನುವುದರ ಮೇಲೆ ಆ ಬರಹಗಾರರಿಗೆ ಕಣ್ಣು.

ಹೊಯ್ಸಳರ ಕಾಲದ ಜೈನ ಶಾಸನಗಳಲ್ಲಿ ಒಂದು ಬಿರುದು ಮತ್ತೆ ಮತ್ತೆ ಬರುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತೋಷ ಕಾಣುವವರು ಎಂದು ಅದರ ಅರ್ಥ. ಹಸಿದವರಿಗೆ ಅನ್ನ, ಹೆದರಿದವರಿಗೆ ಆಸರೆ, ಕಾಯಿಲೆಯವರಿಗೆ ಮದ್ದು, ಕಲಿಯಬೇಕೆನ್ನುವವರಿಗೆ ವಿದ್ಯೆ. ಹೊರಗಿನಿಂದ ಬಂದ ಕ್ರೈಸ್ತ ಸಭೆ ಈ ಸೀಮೆಯಲ್ಲಿ ಬೇರು ಬಿಟ್ಟದ್ದು ಹೇಗೆ ಎಂದು ಕೇಳಿದರೆ, ಊರು ಮೊದಲೇ ಇಟ್ಟುಕೊಂಡಿದ್ದ ಈ ನಾಲ್ಕು ಅಳತೆಗಳಿಗೆ ಅದು ಎಲ್ಲೆಲ್ಲಿ ಒದಗಿತೋ ಅಲ್ಲಲ್ಲಿ ಎನ್ನಬೇಕು.

ಭೈಷಜ್ಯ: ದೊಡ್ಡ ಸ್ವಾಮಿಯವರ ಸೂಜಿ

ಮೈಸೂರು ಸೀಮೆಗೆ ಕ್ರೈಸ್ತ ಮತ ಬಂದದ್ದು ಇಂಗ್ಲಿಷರ ಜೊತೆಗಲ್ಲ. ಇಟಲಿಯ ಜೆಸ್ವಿತ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿದ್ದು 1640ರ ದಶಕದ ಕೊನೆಯಲ್ಲಿ. ಅಲ್ಲಿಂದ ಒಂದೂವರೆ ಶತಮಾನ ಆ ಚಿಕ್ಕ ಸಮುದಾಯ ಏಳುತ್ತ ಬೀಳುತ್ತ ಬಂತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಂಸ್ಥಾನದ ಕ್ರೈಸ್ತರು ಚೆಲ್ಲಾಪಿಲ್ಲಿಯಾಗಿದ್ದರು. ಅವರನ್ನು ಒಟ್ಟುಗೂಡಿಸಲು ಬಂದವರು ಪ್ಯಾರಿಸ್ ವಿದೇಶ ಮಿಷನ್ ಸಂಘದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ.

ದ್ಯುಬುವಾ ಅಂದರೆ ಓದುಗರಿಗೆ ನೆನಪಾಗುವುದು ಹಿಂದೂಗಳ ನಡೆನುಡಿ, ಆಚಾರಗಳ ಮೇಲೆ ಅವರು ಬರೆದ, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ದಪ್ಪ ಪುಸ್ತಕ. ಆ ಪುಸ್ತಕದಲ್ಲಿ ಎಷ್ಟು ಅವರದು, ಎಷ್ಟು ಅವರಿಗಿಂತ ಮುಂಚಿನ ಜೆಸ್ವಿತ ಕೂರ್ದು ಅವರದು ಎಂದು ವಿದ್ವಾಂಸರು ಈಗಲೂ ಕೇಳುತ್ತಾರೆ. ಆದರೆ ಮೈಸೂರಿನ ಹಳ್ಳಿಗಳಿಗೆ ಅವರು ಪುಸ್ತಕ ಬರೆದವರಾಗಿ ಗೊತ್ತಿರಲಿಲ್ಲ. ಇಲ್ಲಿಯವರಂತೆ ಬಟ್ಟೆ ತೊಟ್ಟು, ಇಲ್ಲಿಯ ಊಟ ಉಂಡು ಬದುಕಿದ ಅವರನ್ನು ಜನ ಕರೆದದ್ದು ದೊಡ್ಡ ಸ್ವಾಮಿಯವರು ಎಂದು.

ಆ ಕಾಲದ ದೊಡ್ಡ ಭಯ ಸಿಡುಬು. ಜೆನ್ನರನ ಲಸಿಕೆ ಭಾರತ ಮುಟ್ಟಿದ್ದು 1802ರಲ್ಲಿ. ಶೀತಲ ಪೆಟ್ಟಿಗೆ ಇಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ನೀರು ತೆಗೆದು ಇನ್ನೊಬ್ಬರ ತೋಳಿಗೆ ಚುಚ್ಚುತ್ತ, ತೋಳಿನಿಂದ ತೋಳಿಗೆ ಅದನ್ನು ಜೀವಂತವಾಗಿ ದಾಟಿಸಬೇಕಿತ್ತು. ಜಾತಿ, ಮಡಿ, ಅಮ್ಮನ ಕೋಪ ಎಲ್ಲವೂ ಆ ಒಂದು ಹನಿಗೆ ಅಡ್ಡ. ಮೈಸೂರು ಅರಮನೆಯ ಹೆಂಗಸರೂ ಮುಂದೆ ಬಂದರು. ದ್ಯುಬುವಾ ಊರೂರು ಸುತ್ತಿ, 1803-04ರ ಅವಧಿಯಲ್ಲೇ 25,432 ಜನರಿಗೆ ಲಸಿಕೆ ಹಾಕಿದ ಲೆಕ್ಕ ಸರ್ಕಾರಿ ದಾಖಲೆಯಲ್ಲಿದೆ. ಅವರಲ್ಲಿ ಕ್ರೈಸ್ತರು ಎಷ್ಟಿದ್ದಾರು? ಆಗಿನ ಸಂಸ್ಥಾನದಲ್ಲಿ ಕ್ರೈಸ್ತರು ಬೆರಳೆಣಿಕೆಯವರು ಎಂಬುದನ್ನು ನೆನೆದರೆ ಉತ್ತರ ತಾನೇ ಬರುತ್ತದೆ. ತಮ್ಮ ಮಂದೆಯನ್ನು ಕಾಯಲು ಬಂದ ಪಾದ್ರಿ ಊರನ್ನೆಲ್ಲ ಕಾದರು.

ಆಹಾರ: ನೆಲ, ಬೇಸಾಯ, ನೀರು

ಅದೇ ದ್ಯುಬುವಾ ಹಾಸನದ ಹತ್ತಿರ ಕ್ರೈಸ್ತ ಬೇಸಾಯಗಾರರ ಒಂದು ನೆಲೆ ಕಟ್ಟಿದರು. ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಸಾತಹಳ್ಳಿ ಎಂಬ ಹೆಸರಿನಲ್ಲಿ ಬರುವ ಊರು ಅದು. ಸುಮ್ಮನೆ ಸ್ನಾನದೀಕ್ಷೆ ಕೊಟ್ಟು ಹೊರಟುಹೋಗಿದ್ದರೆ ಕುಲದಿಂದ ದೂರವಾದವರಿಗೆ ಬಾವಿಯ ನೀರು ಎಲ್ಲಿಯದು, ಉಳುವ ನೆಲ ಯಾರದು, ಹೆಣ್ಣು ಕೊಡುವವರು ಯಾರು? ಸಭೆ ಉಳಿಯಬೇಕಾದರೆ ಅದಕ್ಕೆ ಪೂಜಾಪೀಠದಷ್ಟೇ ರಾಗಿಯ ಹೊಲವೂ ಬೇಕು ಎಂಬುದು ಆ ಫ್ರೆಂಚ್ ಪಾದ್ರಿಗೆ ಗೊತ್ತಿತ್ತು.

ಇಲ್ಲಿ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿ ಹೇಳಬೇಕು. 1823ರಲ್ಲಿ ಭಾರತ ಬಿಟ್ಟು ಹೊರಟ ದ್ಯುಬುವಾ, ಆ ವರ್ಷವೇ ಅಚ್ಚಾದ ತಮ್ಮ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಕೆಲಸ ಕೈಗೂಡುವುದಲ್ಲ ಎಂದು ಬರೆದುಬಿಟ್ಟರು. ಮೂವತ್ತು ವರ್ಷ ದುಡಿದವರ ಬಾಯಲ್ಲಿ ಬಂದ ಮಾತು ಅದು. ಪ್ರಾಟೆಸ್ಟೆಂಟ್ ಮಿಷನರಿಗಳು ಸಿಟ್ಟಿನಿಂದ ಉತ್ತರ ಬರೆದರು. ಆದರೆ ದ್ಯುಬುವಾ ಸೋತದ್ದು ತಲೆ ಎಣಿಸುವ ಲೆಕ್ಕದಲ್ಲಿ. ಅವರು ಚುಚ್ಚಿದ ಸೂಜಿ, ಉಳಿಸಿದ ಜೀವ, ನೆಲೆಗೊಳಿಸಿದ ಒಕ್ಕಲು ಆ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಅವರು ಪ್ಯಾರಿಸಿನಲ್ಲಿ 1848ರಲ್ಲಿ ತೀರಿಕೊಂಡಾಗ ಹಾಸನದ ಕನ್ನಡ ಕ್ರೈಸ್ತ ಒಕ್ಕಲುಗಳು ಉಳುತ್ತಲೇ ಇದ್ದರು.

ಅವರ ನಂತರದ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಹೇಮಾವತಿಯ ದಂಡೆಯ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಇಗರ್ಜಿ ಕಟ್ಟಿದರು. ಚೂಪು ಕಮಾನು, ಎತ್ತರದ ಗೋಪುರ, ಬಣ್ಣದ ಗಾಜು ಎಲ್ಲವೂ ಫ್ರಾನ್ಸಿನ ಹಳ್ಳಿಯೊಂದನ್ನು ನೆನೆದುಕೊಂಡು ಎಬ್ಬಿಸಿದಂತೆ. ಇಟ್ಟಿಗೆ ಮಾತ್ರ ಇಲ್ಲಿಯದು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಊರವರು ಹೇಳುತ್ತಾರೆ. ಸುಮಾರು ನೂರು ವರ್ಷ ಅಲ್ಲಿ ಮದುವೆ, ಮಣ್ಣು, ಹಬ್ಬ ಎಲ್ಲ ನಡೆದವು.

ಆಮೇಲೆ ಗೊರೂರಿನ ಅಣೆಕಟ್ಟು ಬಂತು. 1979ರಲ್ಲಿ ಅದು ಮುಗಿದಾಗ 37 ಟಿಎಂಸಿ ನೀರು ನಿಲ್ಲುವ ಜಲಾಶಯದಡಿ ಹತ್ತಾರು ಹಳ್ಳಿ ಮುಳುಗಿದವು. ಶೆಟ್ಟಿಹಳ್ಳಿಯ ಕ್ರೈಸ್ತರು ಗಂಟುಮೂಟೆ ಕಟ್ಟಿ ಎತ್ತರದ ಜಾಗಗಳಿಗೆ ಹೋದರು. ಮರಿಯಾನಗರದಂಥ ಊರುಗಳು ಹುಟ್ಟಿದವು. ಮುಳುಗಿದ ನೆಲದ ಮೇಲೆ ನಿಂತ ನೀರು ಇಂದು ಕಾಲುವೆಗಳಲ್ಲಿ ಹರಿದು ತುಮಕೂರು, ಮಂಡ್ಯದ ಹೊಲಗಳಿಗೆ ಹೋಗುತ್ತದೆ. ಆಹಾರದಾನ ಎಂಬ ಮಾತಿಗೆ ಇದಕ್ಕಿಂತ ದುಬಾರಿಯ ಉದಾಹರಣೆ ಈ ಸೀಮೆಯಲ್ಲಿ ಇರಲಾರದು. ಕೊಟ್ಟವರನ್ನು ಯಾರೂ ಕೇಳಿ ಪಡೆಯಲಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಈಗ ಕ್ಯಾಮೆರಾ ಹಿಡಿದು ಬರುವ ಪ್ರವಾಸಿಗರಿಗೆ ಅದು ಮುಳುಗುವ ಚರ್ಚು. ವರ್ಷವರ್ಷದ ನೀರಿಗೆ ನೆನೆದು ಒಣಗಿ ಗೋಡೆಗಳ ಭಾಗಗಳು ಕುಸಿದಿವೆ. ಮರಿಯಾನಗರದಲ್ಲಿ ಮಾತ್ರ ಭಾನುವಾರದ ಗಂಟೆ ತಪ್ಪಿಲ್ಲ.

ಅಭಯ: ಧಾತು ಈಶ್ವರದ ಮಕ್ಕಳು

ಪ್ರಾಟೆಸ್ಟೆಂಟ್ ಸಭೆ ಈ ಕಡೆಗೆ ಬಂದದ್ದು ಬೆಂಗಳೂರು ದಾರಿಯಿಂದ. ವೆಸ್ಲಿಯನ್ ಮಿಷನ್ ಬೆಂಗಳೂರಿನಲ್ಲಿ ಕೆಲಸ ಶುರುಮಾಡಿದ್ದು 1821ರಲ್ಲಿ. ಕನ್ನಡ ಹಳ್ಳಿಗಳ ನಡುವೆ ನೆಲೆ ಬೇಕೆಂದು ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಗೆ ಬಂದರು. ಇಂದು ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲು ಆ ಗುಬ್ಬಿಯ ಮೇಲೇ ಹಾದುಹೋಗುತ್ತದೆ. ಅಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಮಿಷನ್ ಬಗ್ಗೆ ಪುಸ್ತಕ ಬರೆದರು. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಬೋಧಿಸುವುದು ಆಗಿನ ಕ್ರಮ. ಜನ ಕೇಳುತ್ತಿದ್ದರು, ವಾದಿಸುತ್ತಿದ್ದರು, ಮನೆಗೆ ಹೋಗುತ್ತಿದ್ದರು.

ಸಭೆಯನ್ನು ಬೆಳೆಸಿದ್ದು ಬೋಧನೆ ಅಲ್ಲ, ಬರ. 1876ರಿಂದ 78ರವರೆಗಿನ ಆ ಬರವನ್ನು ಹಳಬರು ಧಾತು ಈಶ್ವರದ ಬರ ಎಂದು ಸಂವತ್ಸರದ ಹೆಸರಿನಿಂದಲೇ ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಐವತ್ತು ಲಕ್ಷ ದಾಟಿದ್ದ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆ. ಗಂಜಿ ಮನೆಗಳ ಮುಂದೆ ತಾಯಿತಂದೆ ಸತ್ತ ಮಕ್ಕಳು ಉಳಿದರು. ಫ್ರೆಂಚ್ ಪಾದ್ರಿಗಳು ಬೆಂಗಳೂರಿನ ಸುತ್ತ ಸಿಲುವೆಪುರ, ಮರಿಯಾಪುರಗಳಂಥ ಹಳ್ಳಿಗಳನ್ನು ಕಟ್ಟಿ ಅಂಥ ಮಕ್ಕಳನ್ನು ಬೇಸಾಯಕ್ಕೆ ಹಚ್ಚಿದರು. ವೆಸ್ಲಿಯನ್ನರು ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ತೆರೆದರು.

ಹಾಸನದ ಪ್ರಾಟೆಸ್ಟೆಂಟ್ ಸಭೆಯ ಕಥೆಯಲ್ಲಿ ಈ ಹುಡುಗಿಯರಿಗೆ ಮೊದಲ ಪುಟ ಸಲ್ಲಬೇಕು. ಊರಿನ ಶ್ರೀಮಂತರೋ ಪಂಡಿತರೋ ಅಲ್ಲ, ಬರ ಉಳಿಸಿಹೋದ ಹೆಣ್ಣುಮಕ್ಕಳು. ಅಕ್ಷರ ಕಲಿತರು, ಹೊಲಿಗೆ ಕಲಿತರು, ಮದುವೆಯಾಗಿ ಮನೆ ಹೂಡಿದರು. ಸಭೆಯ ಮೂಲವ್ಯಕ್ತಿಗಳ ಪಟ್ಟಿಯಲ್ಲಿ ಮಿಷನರಿಗಳ ಹೆಸರು ಸಿಗುತ್ತದೆ, ಈ ಮಕ್ಕಳ ಹೆಸರು ಸಿಗುವುದಿಲ್ಲ. ಆದರೂ ಮೂಲ ಅವರೇ.

ಒಂದು ಪ್ರಶ್ನೆ ಆಗಲೂ ಇತ್ತು, ಈಗಲೂ ಇದೆ: ಹಸಿದ ಮಗುವಿಗೆ ಗಂಜಿಯ ಜೊತೆ ಮತವನ್ನೂ ಕೊಟ್ಟರೆ ಅದು ದಾನವೇ? ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಚರಿತ್ರೆ ಬರೆಯಬಾರದು. ಮಗುವಿಗೆ ಆಯ್ಕೆ ಇರಲಿಲ್ಲ, ನಿಜ. ಸಾವನ್ನು ಬಿಟ್ಟರೆ ಅದಕ್ಕೆ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ ಎಂಬುದೂ ಅಷ್ಟೇ ನಿಜ. ಆ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬದುಕುವುದು ಸಭೆಯ ಪಾಲಿಗೆ ಬಂದ ಹೊಣೆ. ಆ ಮಕ್ಕಳ ಮೊಮ್ಮಕ್ಕಳು ಮುಂದೆ ಊರಿನ ಎಲ್ಲ ಜಾತಿಯವರ ಮಕ್ಕಳಿಗೆ ಟೀಚರಮ್ಮಂದಿರಾಗಿ, ನರ್ಸಮ್ಮಂದಿರಾಗಿ ನಿಂತದ್ದು ಆ ಪ್ರಶ್ನೆಗೆ ಅವರು ಕೊಡಬಹುದಾಗಿದ್ದ ಉತ್ತರ.

ಅಭಯದಿಂದ ಮತ್ತೆ ಭೈಷಜ್ಯಕ್ಕೆ ದಾರಿ ತೆರೆಯಿತು. ಹೆರಿಗೆಗೆ ಗಂಡು ಡಾಕ್ಟರ ಬಳಿ ಹೋಗದ ಹೆಂಗಸರು ಸೂಲಗಿತ್ತಿಯನ್ನೇ ನಂಬಿದ್ದ ಕಾಲದಲ್ಲಿ ವೆಸ್ಲಿಯನ್ ಮಿಷನ್ನಿನ ಹೆಂಗಸರು ಹೆಂಗಸರಿಗಾಗಿ ಆಸ್ಪತ್ರೆ ಮಾಡಿದರು. ಮೈಸೂರಿನಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅಂಥದು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಅದರ ಸೋದರಿ. ಜನರ ಬಾಯಲ್ಲಿ ಎರಡೂ ಮಿಷನ್ ಆಸ್ಪತ್ರೆ. ಈ ಹೆಸರೇ ಒಂದು ಬಗೆಯ ಶಾಸನ. ಸಂಸ್ಥೆ ಯಾರದೆಂದು ನೆನಪಿದೆ, ಒಳಗೆ ಹೋಗುವಾಗ ಜಾತಿ ಹೇಳಬೇಕಿರಲಿಲ್ಲ ಎಂಬುದೂ ನೆನಪಿದೆ.

ಶಾಸ್ತ್ರ: ಅಚ್ಚಿನ ಮೊಳೆಯ ಭಾಷೆ

ನಾಲ್ಕನೆಯ ದಾನದಲ್ಲಿ ಮಿಷನ್ನುಗಳು ಕನ್ನಡಕ್ಕೆ ಕೊಟ್ಟದ್ದನ್ನು ಎಲ್ಲರೂ ಬಲ್ಲರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಕನ್ನಡ ಬೈಬಲು 1831ಕ್ಕೆ ಪೂರ್ತಿಯಾಯಿತು. ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತಂದರು. ಕಿಟ್ಟೆಲರ ನಿಘಂಟು 1894ರಲ್ಲಿ ಬಂತು. ಹಾಸನ ಸೀಮೆಯ ಮನೆಗಳಿಗೆ ಹೆಚ್ಚು ಹತ್ತಿರದ್ದು ಮೈಸೂರಿನ ವೃತ್ತಾಂತ ಪತ್ರಿಕೆ. 1887ರಲ್ಲಿ ಹೆನ್ರಿ ಹೇಗ್ ಆರಂಭಿಸಿದ ಈ ವಾರಪತ್ರಿಕೆ ಮಳೆ, ಬೆಳೆ, ಧಾರಣೆ, ಸರ್ಕಾರದ ಹುಕುಂ, ದೂರದೇಶದ ಯುದ್ಧ ಎಲ್ಲವನ್ನೂ ಸರಳ ಕನ್ನಡದಲ್ಲಿ ಹೇಳಿತು. ಮತದ ಮಾತು ಅದರಲ್ಲಿ ಇರುತ್ತಿತ್ತು. ಆದರೆ ಓದಿದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಸುದ್ದಿ. 1890ರ ಸುಮಾರಿಗೆ ನೆಲೆಗೊಂಡ ವೆಸ್ಲಿ ಪ್ರೆಸ್ಸಿನ ಮೊಳೆಗಳು ಶಾಲೆಯ ಪಠ್ಯಪುಸ್ತಕಗಳನ್ನೂ ಅಚ್ಚು ಹಾಕಿದವು.

ಕಥೊಲಿಕ ಇಗರ್ಜಿಗಳಲ್ಲಿ ಪೂಜೆ ಬಹಳ ಕಾಲ ಲ್ಯಾಟಿನ್ನಿನಲ್ಲೇ ನಡೆಯಿತು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜಾಪೀಠದ ಮೇಲೂ ಕನ್ನಡ ಕೇಳಿಸಿತು. ಅದೇ ಹೊತ್ತಿಗೆ ಆಡಳಿತವೂ ಹತ್ತಿರ ಬಂತು. 1963ರ ನವೆಂಬರಿನಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆಯಿತು. ಹಾಸನ ಜಿಲ್ಲೆ ಅದಕ್ಕೆ ಸೇರಿತು. ಅದರ ಮೊದಲ ಬಿಷಪ್ ಅಲ್ಫೋನ್ಸಸ್ ಮಥಾಯಸ್ ಮುಂದೆ ಬೆಂಗಳೂರಿನ ಆರ್ಚ್‌ಬಿಷಪರಾದರು. ಪ್ರಾಟೆಸ್ಟೆಂಟರ ಕಡೆ, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿ ವೆಸ್ಲಿಯನ್ ಹೆಸರು ಅದರಲ್ಲಿ ಕರಗಿತು. ದೇಶ ಸ್ವತಂತ್ರವಾಗಿ ಒಂದೂವರೆ ತಿಂಗಳೂ ಆಗಿರಲಿಲ್ಲ. ಹಾಸನದ ಆ ಸಭೆಗಳು ಈಗ ಮಂಗಳೂರಿನಲ್ಲಿ ಕೇಂದ್ರವಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿವೆ.

ಅರಸೀಕೆರೆ: ವರ್ಗವಾಗಿ ಬಂದವರ ಸಭೆ

ಅರಸೀಕೆರೆಯದು ಬೇರೆಯೇ ಕಥೆ. ಬರ ಹಾಸನಕ್ಕೆ ಅನಾಥಾಲಯ ಕೊಟ್ಟಂತೆ ಅರಸೀಕೆರೆಗೆ ರೈಲು ಕೊಟ್ಟಿತು. ಧಾನ್ಯ ಇದ್ದೂ ಹಸಿದ ಊರಿಗೆ ಸಾಗಿಸಲಾಗದೆ ಜನ ಸತ್ತ ಮೇಲೆ ಸಂಸ್ಥಾನದಲ್ಲಿ ರೈಲುದಾರಿ ಹಾಕುವ ಆತುರ ಹೆಚ್ಚಿತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ ದಾಟಿ ಹರಿಹರದವರೆಗೆ 1889ಕ್ಕೆ ರೈಲು ಓಡಿತು. 1918ರಲ್ಲಿ ಮೈಸೂರಿನಿಂದ ಹಾಸನದ ಮೇಲೆ ಬಂದ ದಾರಿ ಇಲ್ಲಿ ಸೇರಿ ಊರು ಜಂಕ್ಷನ್ ಆಯಿತು. ಕೊಬ್ಬರಿ ಮಂಡಿ ಬೆಳೆಯಿತು, ರೈಲ್ವೆ ಕಾಲೋನಿ ಎದ್ದಿತು.

ರೈಲ್ವೆಯ ಜೊತೆ ಕ್ರೈಸ್ತರೂ ಬಂದರು. ಆ ಕಾಲದ ಜಂಕ್ಷನ್ನುಗಳಲ್ಲಿ ಡ್ರೈವರು, ಗಾರ್ಡು, ಫಿಟ್ಟರು, ಫೈರ್‌ಮನ್ ಕೆಲಸಗಳಲ್ಲಿ ಆಂಗ್ಲೊ ಇಂಡಿಯನ್ನರು, ತಮಿಳು ಕ್ರೈಸ್ತರು ತುಂಬ ಇದ್ದರು. ಇಂಥ ಊರಿನಲ್ಲಿ ಸಭೆ ಹುಟ್ಟುವ ರೀತಿ ಶೆಟ್ಟಿಹಳ್ಳಿಯ ರೀತಿಯಲ್ಲ. ಯಾರನ್ನೂ ಹೊಸದಾಗಿ ಕರೆತರಬೇಕಿಲ್ಲ. ವರ್ಗವಾಗಿ ಬಂದವರು ತಮ್ಮ ಬೈಬಲನ್ನೂ ಜಪಮಾಲೆಯನ್ನೂ ಟ್ರಂಕಿನಲ್ಲೇ ತಂದಿರುತ್ತಾರೆ. ಮೊದಲು ಕ್ವಾರ್ಟರ್ಸಿನ ಹಜಾರದಲ್ಲಿ ನಾಲ್ಕು ಮನೆಯವರ ಪ್ರಾರ್ಥನೆ. ಆಮೇಲೆ ಹಾಸನದಿಂದಲೋ ತುಮಕೂರಿನಿಂದಲೋ ತಿಂಗಳಿಗೊಮ್ಮೆ ಬರುವ ಗುರುಗಳು ಅಥವಾ ಅಯ್ಯನವರು. ಅವರು ಬರುವುದೂ ಹೋಗುವುದೂ ಗಾಡಿಯ ಟೈಮಿಗೆ ಸರಿಯಾಗಿ. ಆಮೇಲೆ ಒಂದು ಜಾಗ, ಒಂದು ಶೆಡ್ಡು, ಕೊನೆಗೆ ಗಂಟೆ.

ಇಂಥ ಸಭೆಗೆ ಒಂದು ಅಪಾಯ ಇದೆ. ಅದು ಕಾಲೋನಿಯ ಕ್ಲಬ್ಬಾಗಿ ಉಳಿಯಬಹುದು. ರಿಟೈರಾದವರು ಬೆಂಗಳೂರಿಗೋ ಮೈಸೂರಿಗೋ ಹೋದರೆ ಬೆಂಚುಗಳು ಖಾಲಿ. ಅದನ್ನು ಊರಿನ ಸಭೆಯಾಗಿಸುವುದು ಎರಡೇ ಸಂಗತಿ. ಒಂದು, ಭಾಷೆ: ಇಂಗ್ಲಿಷು, ತಮಿಳು, ಕೊಂಕಣಿ ಆಡುವ ಮನೆಗಳು ಬೀದಿಯಲ್ಲಿ ಮಾತ್ರವಲ್ಲ, ಪ್ರಾರ್ಥನೆಯಲ್ಲೂ ಕನ್ನಡಕ್ಕೆ ಬರುವುದು. ಎರಡು, ಶಾಲೆ: ಇಂಥ ಊರುಗಳಲ್ಲಿ ಮಿಷನ್ ಶಾಲೆಗೆ ಬರುವ ಮಕ್ಕಳಲ್ಲಿ ಕ್ರೈಸ್ತರು ಯಾವಾಗಲೂ ಕೆಲವರೇ. ತೆಂಗಿನ ತೋಟದವರ, ಮಂಡಿಯ ಹಮಾಲರ, ಗ್ಯಾಂಗ್‌ಮನ್ನರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಾಗ ಸಭೆಗೆ ಊರಿನ ವಿಳಾಸ ಸಿಗುತ್ತದೆ.

ಬೇಲೂರು, ಹಳೇಬೀಡು: ಹಳೆಯ ಗುಡಿಗಳ ನೆರೆಯಲ್ಲಿ

ಬೇಲೂರು ಮತ್ತು ಹಳೇಬೀಡಿನಲ್ಲಿ ಹೊಸ ಸಭೆ ಕಟ್ಟುವವರು ಒಂದು ಸಂಗತಿ ತಿಳಿದಿರಬೇಕು. ನೆರೆಹೊರೆಯ ಬಾಳ್ವೆಗೆ ಇಲ್ಲಿ ಬರೆದಿಟ್ಟ ಕರಾರು ಇದೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬವನು ಲಿಂಗಮುದ್ರೆ ಒತ್ತಿದ. ಜೈನರು ಅದನ್ನು ಅಳಿಸಿದರು. ಊರು ಎರಡು ಪಾಲಾಗುವುದರಲ್ಲಿತ್ತು. ಬೇಲೂರಿನ ನಾಯಕರ ಕಾಲ ಅದು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು. ಮೊದಲು ವಿಭೂತಿ, ವೀಳ್ಯ ಸಲ್ಲಿಸಿ ಆಮೇಲೆ ಜೈನರು ತಮ್ಮ ಪೂಜೆ ಎಂದಿನಂತೆ ಮಾಡಿಕೊಳ್ಳಲಿ ಎಂದು ಒಪ್ಪಂದವಾಯಿತು. ಇನ್ನು ಜೈನರಿಗೆ ಯಾರು ಅಡ್ಡಬಂದರೂ ಅಂಥವನು ತಮಗೇ ದ್ರೋಹಿ ಎಂದು ವೀರಶೈವ ಹಿರಿಯರೇ 1638ರ ಶಾಸನದಲ್ಲಿ ಬರೆಸಿದರು. ಒಪ್ಪಂದ ಸಮಪಾಲಿನದಲ್ಲ, ಬಲವಿದ್ದವರ ಕಡೆಗೆ ತೂಗುತ್ತದೆ. ಆದರೂ ಬಲವಿದ್ದವರು ತಮ್ಮ ಕೈ ತಾವೇ ಕಟ್ಟಿಕೊಂಡ ಬರಹ ಅದು.

ಬೇಲೂರಿನಲ್ಲಿ ಚೆನ್ನಕೇಶವನ ರಥೋತ್ಸವದ ಹೊತ್ತಿಗೆ ಖಾಜಿಯವರು ಕುರಾನಿನ ಸಾಲು ಓದುವ ಪರಿಪಾಠವೂ ಹಳೆಯದು. ಈಚಿನ ವರ್ಷಗಳಲ್ಲಿ ಅದಕ್ಕೆ ತಕರಾರು ಎದ್ದದ್ದೂ ಎಲ್ಲರಿಗೆ ಗೊತ್ತು. ಅಂದರೆ ಇಂಥ ಕರಾರುಗಳನ್ನು ಒಮ್ಮೆ ಬರೆದರೆ ಸಾಲದು, ತಲೆಮಾರಿಗೊಮ್ಮೆ ನವೀಕರಿಸಬೇಕು. ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಇಷ್ಟು ಚಿಕ್ಕ ಸಮುದಾಯಕ್ಕೆ ನೆರೆಯವರ ವಿಶ್ವಾಸವೇ ಕಾಂಪೌಂಡು.

ಬೇಲೂರಿನ ಪಶ್ಚಿಮಕ್ಕೆ ಕಾಫಿ ಸೀಮೆ. ಮಂಜರಾಬಾದಿನಲ್ಲಿ 1840ರ ದಶಕದಿಂದ ಯೂರೋಪಿನ ತೋಟಗಾರರು ಕಾಫಿ ಹಾಕಿದರು. ರಾಬರ್ಟ್ ಎಲಿಯಟ್‌ರಂಥವರು ಅದರ ಬಗ್ಗೆ ಪುಸ್ತಕವನ್ನೇ ಬರೆದರು. ದೊರೆಗಳು ಹೋದರು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರು, ತಮಿಳು ಸೀಮೆಯ ಕೂಲಿಗಳು ಉಳಿದರು. ಸಂತೆಗೆ, ಆಸ್ಪತ್ರೆಗೆ, ಮಕ್ಕಳ ಓದಿಗೆ ಪೇಟೆಗೆ ಇಳಿಯುವ ಇಂಥ ಕುಟುಂಬಗಳಿಗೂ ಒಂದು ಸಭೆ ಬೇಕಾಗುತ್ತದೆ.

ಕಟ್ಟಡ ಎಬ್ಬಿಸುವುದು ಇಲ್ಲಿ ಸುಲಭವಲ್ಲ. ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆ ಇನ್ನೂ 200 ಮೀಟರಿನವರೆಗೆ ಅನುಮತಿ ಪಡೆದೇ ಕಟ್ಟಬೇಕು. ಬೇಲೂರು, ಹಳೇಬೀಡಿನ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಎಲ್ಲರ ಕಣ್ಣೂ ಆ ವಲಯದ ಮೇಲಿದೆ. ಈ ನಿಯಮ ಮನೆ, ಅಂಗಡಿ, ಮಠ, ಮಸೀದಿ ಎಲ್ಲಕ್ಕೂ ಒಂದೇ. ಜಾಗ ಸಿಕ್ಕರೂ ಭೂಪರಿವರ್ತನೆ, ಖಾತೆ, ಸ್ಥಳೀಯ ಸಂಸ್ಥೆಯ ಪರವಾನಗಿ ಎಂದು ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಅಷ್ಟರಲ್ಲಿ ಸಭೆಯಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಆಗ ಗೊತ್ತಾಗುವುದು, ಪ್ರಾರ್ಥನೆಗೆ ಬಾಡಿಗೆ ಹಾಲ್ ಸಾಕು, ಮಣ್ಣಿಗೆ ಬಾಡಿಗೆ ಜಾಗ ಸಿಗುವುದಿಲ್ಲ ಎಂದು. ಸಣ್ಣ ಊರಿನ ಹೊಸ ಸಭೆಯ ಮೊದಲ ಅರ್ಜಿ ಗೋಪುರಕ್ಕಲ್ಲ, ಸಮಾಧಿ ಭೂಮಿಗೆ. ಆ ಅರ್ಜಿಗೆ ಊರಿನ ಬೇರೆಯವರು ದನಿಗೂಡಿಸಿದ ದಿನ ಸಭೆ ನಿಜವಾಗಿ ಶುರುವಾಯಿತು ಎನ್ನಬಹುದು.

ಪಾಲನೆ

ಇಷ್ಟೂ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಇಲ್ಲಿ ಸಭೆ ಹುಟ್ಟಿದ ಪ್ರತಿ ಸಲವೂ ಊರಿಗೆ ಏನೋ ಒಂದು ಕೊರತೆ ಇತ್ತು. ಸಿಡುಬಿತ್ತು, ಬರವಿತ್ತು, ಹೆರಿಗೆಯಲ್ಲಿ ಸಾಯುವ ತಾಯಂದಿರಿದ್ದರು, ಓದಲು ಸುದ್ದಿ ಇರಲಿಲ್ಲ, ಮುಳುಗಿದ ಊರಿನವರಿಗೆ ನೆಲೆ ಇರಲಿಲ್ಲ. ಇಂದಿನ ಕೊರತೆಗಳು ಬೇರೆ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಬೀಗದ ಕೈ ಹಿಡಿದು ಒಂಟಿಯಾಗಿ ಕೂತ ಮುದುಕರು. ಮಂಡಿಯಲ್ಲಿ ಮೂಟೆ ಹೊತ್ತ ಕೂಲಿಯನ್ನು ಸಂಜೆಗೇ ಬಾಟಲಿಗೆ ಸುರಿಯುವ ಗಂಡಸರು. ಗುಡಿ ನೋಡಲು ಬರುವವರಿಗೆ ಪೋಸ್ಟ್‌ಕಾರ್ಡ್ ಮಾರುತ್ತ ಶಾಲೆ ತಪ್ಪಿಸುವ ಮಕ್ಕಳು. ಪರೀಕ್ಷೆಗೆ ಕೂರುವ ಹಳ್ಳಿಯ ಹುಡುಗಿಯರಿಗೆ ತಾಲ್ಲೂಕು ಊರಿನಲ್ಲಿ ಉಳಿಯಲು ಭರವಸೆಯ ಒಂದು ಮನೆ ಇಲ್ಲ. ಹಳೆಯ ನಾಲ್ಕು ದಾನಗಳಲ್ಲಿ ಯಾವುದೂ ಹಳತಾಗಿಲ್ಲ.

ಕೊಡುವವರ ಲೆಕ್ಕದಲ್ಲಿ ಒಂದು ಎಚ್ಚರವೂ ಬೇಕು. ಕ್ರೈಸ್ತರಾದ ದಲಿತರಿಗೆ 1950ರ ರಾಷ್ಟ್ರಪತಿ ಆದೇಶದಿಂದ ಪರಿಶಿಷ್ಟ ಜಾತಿಯ ಸೌಲಭ್ಯ ಸಿಗುವುದಿಲ್ಲ. ಜಾತಿಯ ಗಾಯ ಮಾತ್ರ ಅವರ ಜೊತೆಗೇ ಬರುತ್ತದೆ, ಎಷ್ಟೋ ಕಡೆ ಇಗರ್ಜಿಯ ಬೆಂಚಿನವರೆಗೂ. ಊರಿಗೆ ಸೇವೆ ಮಾಡುತ್ತೇವೆನ್ನುವ ಸಭೆ ಮೊದಲು ತನ್ನ ಬೆಂಚುಗಳ ಸಾಲನ್ನು ನೋಡಿಕೊಳ್ಳಬೇಕು.

ಹೊಯ್ಸಳ ಶಾಸನಗಳು ಮುಗಿಯುವುದು ಒಂದು ಮಾತಿನಿಂದ. ದಾನ ಕೊಡುವುದು, ಕೊಟ್ಟ ದಾನವನ್ನು ಕಾಯುವುದು ಇವೆರಡರಲ್ಲಿ ಕಾಯುವುದೇ ದೊಡ್ಡದು. ಕೊಡುವುದು ಸುಲಭ, ಪಾಲಿಸುವುದು ಕಷ್ಟ ಎಂದು ಅವು ಹೇಳುತ್ತವೆ. ಕಟ್ಟಿದವರನ್ನು ನೆನೆಯುವ ಸಂಚಿಕೆ ಇದು. ದ್ಯುಬುವಾ ಲಸಿಕೆ ತಂದರು, ಯಾರದೋ ತೋಳು ಅದನ್ನು ಮುಂದಿನ ಊರಿಗೆ ದಾಟಿಸಿತು. ಮಿಷನ್ನು ಅನಾಥಾಲಯ ತೆರೆಯಿತು, ಹೆಸರಿಲ್ಲದ ಹುಡುಗಿಯರು ಅದನ್ನು ಸಭೆಯಾಗಿಸಿದರು. ಪಾದ್ರಿಗಳು ಶೆಟ್ಟಿಹಳ್ಳಿಯಲ್ಲಿ ಗೋಪುರ ಎತ್ತಿದರು, ಅದನ್ನು ನೀರಿಗೆ ಬಿಟ್ಟುಬಂದವರು ಮರಿಯಾನಗರದಲ್ಲಿ ಹಬ್ಬ ಬಿಡಲಿಲ್ಲ. ಮುಂದಿನ ಸಂಚಿಕೆ ಬರೆಯುವವರು ಅಡಿಗಲ್ಲು ಹುಡುಕಿಕೊಂಡು ಬಂದಾಗ ಅವರ ಕೈಗೆ ಕೊಡಲು ಕಾಯ್ದವರ ಪಟ್ಟಿಯೊಂದು ಇರಲಿ: ಗಂಟೆ ಹೊಡೆದವರು, ವಾರ್ಡು ಗುಡಿಸಿದವರು, ಸಮಾಧಿ ಭೂಮಿಯ ಬೇಲಿ ಕಟ್ಟಿದವರು, ಆ ಬೇಲಿಗೆ ಗೂಟ ಕೊಟ್ಟ ಪಕ್ಕದ ಹೊಲದವರು.